ಕುರ್ಚಿಯಲ್ಲಿ ಕುಳಿತವರು ಮಾತಾಡಬೇಕು

ಹೊಸ ಹಗ್ಗದ ವಾಸನೆ ನಿಮಗೆ ಗೊತ್ತಲ್ಲ? ಒಣ ನಾರು, ಅಂಗಡಿಯ ಧೂಳು, ಒಂಚೂರು ಸೀಮೆಎಣ್ಣೆ. ಬೆಳಿಗ್ಗೆಯಿಂದ ನನ್ನ ಕೋಣೆಯ ತುಂಬ ಅದೇ ವಾಸನೆ. ಮಂಚದ ಪಕ್ಕದಲ್ಲಿ ಒಂದು ಕಟ್ಟಿಗೆಯ ಕುರ್ಚಿ ಇಟ್ಟಿದ್ದಾರೆ. ಅದರ ಎರಡೂ ಬದಿಗೆ ಬಿದಿರಿನ ಗಳ ಇಟ್ಟು ಹೊಸ ಹಗ್ಗದಿಂದ ಬಿಗಿದಿದ್ದಾರೆ. ನನ್ನನ್ನು ಅದರಲ್ಲಿ ಕೂಡಿಸಿ, ಮಹಡಿಯಿಂದ ಇಳಿಸಿ, ಆಟೋ ಕೂಡ ನುಗ್ಗದ ನಮ್ಮ ರಾಯಚೂರಿನ ಓಣಿ ದಾಟಿಸಿ ಆಸ್ಪತ್ರೆಯ ಗಾಡಿಗೆ ಮುಟ್ಟಿಸಲು ನಾಲ್ಕು ಜನ ಬಂದಿದ್ದಾರೆ. ಸದ್ಯ ಕೆಳಗೆ ಚಹಾ ಕುಡಿಯುತ್ತಿದ್ದಾರೆ. ಅದು ಮುಗಿಯುವವರೆಗೆ ನನಗೆ ಪುರಸೊತ್ತು ಇದೆ, ಬನ್ನಿ, ಕೂತುಕೊಳ್ಳಿ.

ಕಾಲು ಮುರಿದದ್ದು ಹೇಗೆ ಎಂದು ಕೇಳಬೇಡಿ. ಕೇಳಿಯೇ ಕೇಳುತ್ತೀರಿ, ಹಾಗಾಗಿ ಹೇಳಿಬಿಡುತ್ತೇನೆ. ತೊಯ್ದ ಮೆಟ್ಟಿಲಿನ ಮೇಲೆ ಹವಾಯಿ ಚಪ್ಪಲಿ ಹಾಕಿಕೊಂಡು ಓಡಾಡಬಾರದು ಎಂದು ಊರೂರಿಗೆ ಹೋಗಿ ಪಾಠ ಹೇಳಿದ ನಾನು, ತೊಯ್ದ ಮೆಟ್ಟಿಲಿನ ಮೇಲೆ ಹವಾಯಿ ಚಪ್ಪಲಿಯಲ್ಲಿ ಜಾರಿದೆ. ನೀರಿನ ಟ್ಯಾಂಕು ತುಂಬಿತೇ ಎಂದು ನೋಡಲು ಹೋಗಿದ್ದೆ. ಟ್ಯಾಂಕು ತುಂಬಿತ್ತು. ಪ್ಲಾಸ್ಟರ್ ಹಾಕಿಸಿಕೊಂಡು ಬಂದ ದಿನ ಯಾರಿಗೂ ಎತ್ತಗೊಡದೆ, ಕುಂಡೆಯ ಮೇಲೆ ಒಂದೊಂದೇ ಮೆಟ್ಟಿಲು ಹಿಂದಕ್ಕೆ ಸರಿಯುತ್ತ ಮಹಡಿ ಹತ್ತಿದೆ. ನಿನ್ನೆಯಿಂದ ಬೆರಳುಗಳು ಬಾತು ಬಣ್ಣ ತಿರುಗಿವೆ. ಹಾಗೆ ಸರಿಯುತ್ತ ಇಳಿಯಲು ನೋಡಿದರೆ ತಲೆ ಗಿರ್ರೆನ್ನುತ್ತದೆ. ಇವತ್ತು ಬರದಿದ್ದರೆ ಕಾಲಿನ ಆಸೆ ಬಿಡಿ ಎಂದು ಡಾಕ್ಟರು ಫೋನಿನಲ್ಲಿ ಹೇಳಿದ್ದಾರೆ. ಆದರೂ ನಾನು ಆ ಕುರ್ಚಿಯಲ್ಲಿ ಕೂಡಲು ಒಪ್ಪುತ್ತಿಲ್ಲ. ಹೆಂಡತಿ ಬೈದು ಬೈದು ಸುಸ್ತಾಗಿ ಕೆಳಗೆ ಹೋಗಿದ್ದಾಳೆ.

ನಾನು ಡ್ರಿಲ್ ಮಾಸ್ತರನಾಗಿದ್ದವನು. ನಿವೃತ್ತಿಯಾದ ಮೇಲೆ ಸುಮ್ಮನೆ ಕೂಡಲಾರದೆ, ಹಳ್ಳಿಗಳಲ್ಲಿ ಆಪತ್ಕಾಲದ ಸ್ವಯಂಸೇವಕರಿಗೆ ತರಬೇತಿ ಕೊಡುವ ಕೆಲಸಕ್ಕೆ ಸೇರಿದೆ. ನೆರೆ ಬಂದರೆ, ಗೋಡೆ ಕುಸಿದರೆ, ಸಿಡಿಲು ಬಡಿದರೆ, ಗಾಡಿ ಬರುವವರೆಗೆ ಊರಿನವರೇ ಏನು ಮಾಡಬೇಕು ಎನ್ನುವುದು ಪಾಠ. ಜನ ಅದನ್ನು ‘ನೆರಿ ಟ್ರೇನಿಂಗ್’ ಎನ್ನುತ್ತಿದ್ದರು. ನನ್ನ ಹತ್ತಿರ ಒಂದು ಸೀಟಿ, ಒಂದು ಹಗ್ಗ, ಎಲ್ಲಿಂದಲೋ ಬಂದ ಒಂದು ಪುಸ್ತಕ ಇತ್ತು. ಪುಸ್ತಕದ ಮೇಲೆ ಬಹಳ ಭಕ್ತಿ.

ದೇವದುರ್ಗ ತಾಲೂಕಿನ ಗಬ್ಬೂರಿನಲ್ಲಿ ಮೊದಲ ಪೆಟ್ಟು ಬಿತ್ತು. ಎರಡು ಗಳ, ಒಂದು ಕಂಬಳಿ ಹಿಡಿದು ಸ್ಟ್ರೆಚರ್ ಮಾಡಿ ತೋರಿಸಿದೆ. ಕುರಿ ಕಾಯುವ ಮನೆತನದವರು ನನಗಿಂತ ಚೆನ್ನಾಗಿ ಕಂಬಳಿ ಸುತ್ತಿದರು. ಆದರೆ ಅದರ ಮೇಲೆ ಮಲಗಲು ಒಬ್ಬರೂ ಮುಂದೆ ಬರಲಿಲ್ಲ. ಒಬ್ಬ ಮುದುಕ ಮೆಲ್ಲಗೆ ನನ್ನ ಕಿವಿಯಲ್ಲಿ ಹೇಳಿದ: “ಸರ, ಇದು ಚಟ್ಟ ಆತಲ್ರೀ. ಮಲಗಿಸಿ ನಾಕು ಮಂದಿ ಎತ್ತೂದು ನಮ್ಮಾಗ ಒಂದ ಸಲ.”

ಸರಿ, ಮಲಗಿಸುವುದು ಬೇಡ, ಕೂಡಿಸಿ ಎತ್ತೋಣ. ಮುಂದಿನ ತರಬೇತಿ ಮಾನ್ವಿಯ ಹತ್ತಿರದ ನೀರಮಾನ್ವಿಯಲ್ಲಿ. ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡು ಕುರ್ಚಿಗೆ ಗಳ ಕಟ್ಟಿಸಿದೆ. ನೀರು ಸೊಂಟಕ್ಕೆ ಬಂದರೆ ಹೆಗಲಿಗೇರಿಸಿದ ಕುರ್ಚಿಯೇ ಒಳ್ಳೆಯದು ಎಂದು ಪುಸ್ತಕವೂ ಹೇಳಿತ್ತು. ಟ್ರ್ಯಾಕ್ಟರ್ ಓಡಿಸುವ ಹುಸೇನಪ್ಪನನ್ನು ಕೂಡಿಸಿ, “ನಿನಗೆ ಎಚ್ಚರ ಇಲ್ಲ ಅಂತ ತಿಳ್ಕೊ, ಕಣ್ಣು ಮುಚ್ಚು, ತುಟಿ ಬಿಚ್ಚಬೇಡ” ಎಂದೆ. ಪುಣ್ಯಾತ್ಮ ಕತ್ತನ್ನೂ ವಾಲಿಸಿದ. ನಾಲ್ವರು ಹೆಗಲು ಕೊಟ್ಟು ಎತ್ತಿದ್ದೇ ತಡ, ಕಟ್ಟೆಯ ಮೇಲಿದ್ದ ಹೆಂಗಸರು ಚೀರಿದರು. ಹುಸೇನಪ್ಪನ ಹೆಂಡತಿ ಬಾಯಿ ಬಡಿದುಕೊಳ್ಳುತ್ತ ಓಡಿ ಬಂದಳು.

“ಇಳಸ್ರಿ! ನನ್ನ ಗಂಡಗ ಏನಾಗ್ಯಾದ? ಮದ್ಲ ಇಳಸ್ರಿ!”

ಆಗ ನನಗೆ ಹೊಳೆಯಿತು. ಆ ಓಣಿಯ ಮನೆತನಗಳಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ. ಹೂವಿನ ವಿಮಾನ ಕಟ್ಟಿ, ಹಣೆಗೆ ವಿಭೂತಿ ಹಚ್ಚಿ, ಕೂಡಿಸಿಯೇ ಹೊತ್ತೊಯ್ಯುತ್ತಾರೆ. ಇದರಲ್ಲಿ ದೊಡ್ಡ ಸಂಶೋಧನೆ ಏನೂ ಇಲ್ಲ, ನಮ್ಮ ಮನೆಯ ಪದ್ಧತಿಯೂ ಅದೇ. ನಮ್ಮಪ್ಪನನ್ನು ಕೂಡಿಸಿ ಎತ್ತಿದಾಗ ಹೆಗಲು ಕೊಟ್ಟವರಲ್ಲಿ ನಾನೊಬ್ಬ. ಪುಸ್ತಕ ಓದುತ್ತ ಓದುತ್ತ ಮನೆಯದನ್ನೇ ಮರೆತಿದ್ದೆ. ಥೂ ನನ್ನ!

ತರಬೇತಿ ಅಲ್ಲಿಗೇ ಮುಗಿಯುತ್ತಿತ್ತು. ಸೀಟಿ ಜೇಬಿಗೆ ಹಾಕಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಅಕ್ಕಿ ಗಿರಣಿಯವರ ಮನೆಯ ಹಿರಿಯಳು, ಶರಣಮ್ಮ, ಮೊರದಲ್ಲಿಯ ಅಕ್ಕಿ ಬದಿಗಿಟ್ಟು ಎದ್ದು ಬಂದಳು. ಎಂಬತ್ತರ ಆಸುಪಾಸು ವಯಸ್ಸು. ಕುರ್ಚಿಯ ಸುತ್ತ ಒಂದು ಸುತ್ತು ಬಂದು, ಸಂತೆಯಲ್ಲಿ ಎಮ್ಮೆ ನೋಡುವವರ ಹಾಗೆ ಬಗ್ಗಿ ನೋಡಿದಳು.

“ಕುರ್ಚಿದೇನು ತಪ್ಪದ? ಇಂವ ಸುಮ್ಮ ಕುಂತಿದ್ದು ತಪ್ಪು. ಸತ್ತವರು ಮಾತಾಡಂಗಿಲ್ಲ. ಇಂವ ಮಾತಾಡ್ಲಿ.”

“ಏನು ಮಾತಾಡ್ಲಿ ಯವ್ವಾ?” ಎಂದ ಹುಸೇನಪ್ಪ.

“ಏನು ಉಂಡಿ ಅಂತ ಒಬ್ಬರು ಬಾಜೂಕ ನಡಕೋತ ಕೇಳ್ರಿ. ಹೊಟ್ಟಿ ಸುದ್ದಿ ಕೇಳಿದರ ಯಾರು ಬಾಯಿ ಮುಚ್ಕೊಂಡು ಕುಂದರ್ತಾರ? ಹೂಂ, ನನ್ನ ಎತ್ತ್ರಿ.”

ಎತ್ತಿದರು. ಹುಸೇನಪ್ಪ ಪಕ್ಕದಲ್ಲಿ ನಡೆಯುತ್ತ, “ಯವ್ವಾ, ಏನು ಉಂಡಿ?” ಎಂದು ಕೂಗಿದ. “ರೊಟ್ಟಿ, ಪುಂಡಿಪಲ್ಯ!” ಎಂದು ಮುದುಕಿ ಮೇಲಿನಿಂದ ಕೂಗಿದಳು. “ಇನ್ನೇನು ಉಂಡಿ?” “ಮೊಸರು, ಶೇಂಗಾ ಹಿಂಡಿ! ಹಲ್ಲಿಲ್ಲಂತ ರೊಟ್ಟಿ ನೆನಸಿಕೊಂಡು ಉಂಡೀನಿ!” ಚೀರಿದ ಹೆಂಗಸರೇ ಬಿದ್ದು ಬಿದ್ದು ನಕ್ಕರು. ಗಾಯಗೊಂಡವರ ಎಚ್ಚರ ತಪ್ಪದಂತೆ ನೋಡಿಕೊಳ್ಳುವ ಬಗ್ಗೆ ನನ್ನ ಪುಸ್ತಕದಲ್ಲಿ ಎರಡು ಪುಟ ಇದ್ದವು. ಮುದುಕಿ ಅದನ್ನು ಒಂದು ಪ್ರಶ್ನೆಯಲ್ಲಿ ಮುಗಿಸಿದ್ದಳು. ಅವತ್ತಿನಿಂದ ನಾನು ಹೋದ ಪ್ರತಿ ಊರಿನಲ್ಲೂ ಅದೇ ಪಾಠ. ಗಬ್ಬೂರಿಗೂ ವಾಪಸು ಹೋದೆ. ಅಲ್ಲಿ ಕಂಬಳಿಯ ಮೇಲೆ ಮಲಗಿದವರು ಊಟದ ಜತೆಗೆ ಕುರಿಗಳ ಲೆಕ್ಕವನ್ನೂ ಒಪ್ಪಿಸಿದರು.

ಅದೇ ಮಳೆಗಾಲದಲ್ಲಿ ನೀರಮಾನ್ವಿಯ ಹಳ್ಳ ತುಂಬಿ ಓಣಿಗೆ ನೀರು ನುಗ್ಗಿತು. ಆಂಬುಲೆನ್ಸ್ ಡಾಂಬರು ರಸ್ತೆಯಲ್ಲೇ ನಿಂತಿತು. ಶರಣಮ್ಮನಿಗೆ ಅವತ್ತೇ ಉಸಿರು ಕಟ್ಟಬೇಕೇ! ನನ್ನ ನಾಲ್ವರು ಶಿಷ್ಯರು ಕುರ್ಚಿ ಹೆಗಲಿಗೇರಿಸಿದರು, ಹುಸೇನಪ್ಪ ಸೊಂಟದ ನೀರಿನಲ್ಲಿ ಪಕ್ಕದಲ್ಲೇ ನಡೆದ. “ಏನು ಉಂಡಿ?” “ರೊಟ್ಟಿ...” ಬೇವಿನ ಗಿಡದ ತಿರುವಿನಲ್ಲಿ ಮತ್ತೆ ಕೇಳಿದರೆ “ರೊ...” ಎಂದಷ್ಟೇ ಬಂತು. “ಓಡ್ರಿ!” ಎಂದು ಹುಸೇನಪ್ಪ ಅರಚಿದ. ಓಡಿದರು. ಗಾಡಿಯಲ್ಲಿ ಆಮ್ಲಜನಕ ಹಚ್ಚಿದರು, ಮುದುಕಿ ಉಳಿದಳು. ನೋಡಲು ಹೋದ ನನಗೆ, “ಪುಂಡಿಪಲ್ಯ ಅನ್ನಾಕ ದಮ್ಮ ಸಾಲಲಿಲ್ಲ ನೋಡಪಾ” ಎಂದು ಬೇಜಾರು ಮಾಡಿಕೊಂಡಳು.

ಹೋದ ವರ್ಷ ಅವಳು ಹಾಸಿಗೆಯಲ್ಲೇ ಹಾಯಾಗಿ ಹೋದಳು. ನಾನು ಮಣ್ಣಿಗೆ ಹೋಗಿದ್ದೆ. ಹೂವಿನ ವಿಮಾನದಲ್ಲಿ ಕೂಡಿಸಿದ್ದರು. ಅದೇ ನಾಲ್ವರ ಹೆಗಲು, ಪಕ್ಕದಲ್ಲಿ ಅದೇ ಹುಸೇನಪ್ಪ. ಬೇವಿನ ಗಿಡದ ತಿರುವಿಗೆ ಬಂದಾಗ ರೂಢಿಯ ಬಲದಿಂದ ಅವನ ಬಾಯಿಂದ ಬಂದುಬಿಟ್ಟಿತು: “ಯವ್ವಾ, ಏನು ಉಂಡಿ?”

ಭಜನೆಯವರು ತಾಳ ನಿಲ್ಲಿಸಿದರು. ಎಲ್ಲರೂ ಮೇಲೆ ನೋಡಿದೆವು. ಹುಸೇನಪ್ಪ ಬಾಯಿಗೆ ಟವೆಲು ಒತ್ತಿಕೊಂಡ. ಮಂದಿಯ ಮುಂದೆ ಅಳಬಾರದೆಂಬ ಡ್ರಿಲ್ ಮಾಸ್ತರನ ಹಟ ಬಿಟ್ಟು ನಾನೂ ಗಟ್ಟಿಯಾಗಿ ಅತ್ತೆ.

ಗಳ ಕಟ್ಟಿದ ಕುರ್ಚಿ ಕಂಡರೆ ಆ ಪ್ರಶ್ನೆ ಕೇಳಿಸುತ್ತದೆ. ನಾನು ಮೇಲೆ ಕೂತಾಗ ನನ್ನ ಬಾಯಿಯೂ ಏಳದಿದ್ದರೆ? ಊರಿಗೆಲ್ಲ ಧೈರ್ಯ ಹಂಚಿದವನಿಗೆ ಇಷ್ಟು ಪುಕ್ಕಲುತನ. ಹೆಂಡತಿಗೆ ಇದನ್ನು ಹೇಳಲು ನಾಚಿಕೆ, ಹಾಗಾಗಿ ನಿಮಗೆ ಹೇಳಿದೆ.

ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳ. ಚಹಾ ಮುಗಿಯಿತು. ನಾಲ್ವರ ಹಿಂದೆ, ಸುದ್ದಿ ಕೇಳಿ ನೀರಮಾನ್ವಿಯಿಂದ ಬಂದಿದ್ದ ಹುಸೇನಪ್ಪನೂ ಹತ್ತಿ ಬಂದ. ನನ್ನ ಕಾಲು ನೋಡಿದ, ಮುಖ ನೋಡಿದ. ಬೈಯಲಿಲ್ಲ.

“ಕುಂದರ್ರಿ ಸರ. ಬಾಜೂಕ ನಾ ಇರ್ತೀನಿ.”

ಕುಳಿತೆ. ಮೆಟ್ಟಿಲು ಇಳಿಸಿ, ಓಣಿಯಲ್ಲಿ ಹೆಗಲಿಗೇರಿಸಿದರು. ಹೂವಿನಂಗಡಿಯ ಹೆಂಗಸು ನನ್ನನ್ನು ನೋಡಿ ತಟ್ಟನೆ ಕೈ ಮುಗಿದಳು. ವಿಮಾನದಲ್ಲಿ ಹೋಗುವವರಿಗೆ ಮುಗಿಯುವ ಹಾಗೆ. ಅಷ್ಟರಲ್ಲಿ ಪಕ್ಕದಿಂದ ದನಿ ಬಂತು.

“ಸರ, ಏನು ಉಂಡ್ರಿ?”

“ರೊಟ್ಟಿ,” ಎಂದೆ. ಉಸಿರು ಎಳೆದುಕೊಂಡು ಇಡೀ ಓಣಿಗೆ ಕೇಳುವಂತೆ ಕೂಗಿದೆ: “ರೊಟ್ಟಿ, ಪುಂಡಿಪಲ್ಯ!”

ಹಿಂದಿನಿಂದ ಹೆಂಡತಿ ಗಾಬರಿಯಾಗಿ ಓಡಿ ಬಂದಳು. “ಅಯ್ಯ ಶಿವನ! ಮುಂಜಾನಿ ಮಂಡಾಳ ಒಗ್ಗರಣಿ ತಿಂದಾರ. ತಲಿಗೇನರ ಆತೇನು ಇವರಿಗಿ?”

ಹುಸೇನಪ್ಪ ಟವೆಲಿನಿಂದ ಮುಖ ಒರೆಸಿಕೊಂಡ.

“ಏನೂ ಆಗಿಲ್ರೀ ಅಕ್ಕಾರ,” ಎಂದ. “ಸರ ಸರೀನ ಹೇಳ್ಯಾರ.”