ಅತ್ತಿಗೆಗೆ ಕೇಳಿಸಿದ ಕಾಯಿ

ಮೊದಲೇ ಹೇಳಿಬಿಡುತ್ತೇನೆ, ಇದನ್ನು ಬೇರೆ ಯಾರಾದರೂ ಹೇಳಿದ್ದರೆ ನಾನು ನಕ್ಕು ಇನ್ನೊಂದು ಲೋಟ ಕಾಫಿ ಕೇಳುತ್ತಿದ್ದೆ. ನನ್ನ ಕೆಲಸವೇ ಅಂಥದ್ದು. ಬಹಳ ದಿನ ಒತ್ತಡ ಬಿದ್ದರೆ ಮಿದುಳಿನಲ್ಲಿ ಏನಾಗುತ್ತದೆ, ಖಿನ್ನತೆ ಎಲ್ಲಿಂದ ಹುಟ್ಟುತ್ತದೆ ಎಂದು ಇಲಿಗಳನ್ನಿಟ್ಟುಕೊಂಡು ಹುಡುಕುವವನು ನಾನು. ಇಲ್ಲದ ಸದ್ದು ಕೇಳಿಸಿತು ಎಂದವರಿಗೆಲ್ಲ, ನಿದ್ದೆ ಸಾಲದು ಹೋಗಿ ಮಲಗಿ ಎಂದು ಹೇಳಿ ಕಳಿಸಿದವನು.

ನಮ್ಮೂರು ತೆಂಗಿನ ಸೀಮೆಯಲ್ಲಿ, ಕಂದಿಕೆರೆಯ ಹತ್ತಿರ. ಅಮ್ಮ ಬೇಗ ತೀರಿಕೊಂಡದ್ದರಿಂದ ನನ್ನನ್ನು ಸಾಕಿದವರು ಅತ್ತಿಗೆ ಜಯಮ್ಮ. ನಾನು ಇವತ್ತು ನಾಲ್ಕು ಮಾತು ಆಡಬಲ್ಲೆ ಎಂದರೆ ಅದು ಅವರಿಂದ ಕಲಿತದ್ದು. ಕಾಯಿ ಕೀಳಲು ಬಂದವರು ಅವರ ಮಾತು ಕೇಳಬೇಕೆಂದೇ ನಿಧಾನವಾಗಿ ಮುದ್ದೆ ನುಂಗುತ್ತಿದ್ದರು. ಕೆಲವು ವರ್ಷಗಳ ಹಿಂದೆ ಆ ಬಾಯಿ ನಿಂತುಹೋಯಿತು. ಸಾವಿಲ್ಲ, ಜಗಳವಿಲ್ಲ, ಹೇಳಿಕೊಳ್ಳುವಂಥ ಕಾರಣವೇ ಇಲ್ಲ. ಹಾಲು ಕರೆಯುವುದು ಬಿಟ್ಟರು, ಊಟ ಎರಡು ತುತ್ತಿಗೆ ಇಳಿಯಿತು, ಆಮೇಲೆ ಮಾತೂ ಹೋಯಿತು. ತುಮಕೂರಿನ ಮನೋವೈದ್ಯರಿಗೆ ತೋರಿಸಿ ಗುಳಿಗೆ ಶುರುಮಾಡಿಸಿದೆ. ಮೂರನೇ ವಾರ ಅಣ್ಣನ ಫೋನು ಬಂತು. "ಹಂಗೇ ಕುಂತವ್ಳೆ ಕಣ್ಲಾ. ನಾಳಿಂದ ನಿನ್ ಗುಳಿಗೆ ನಿಲ್ಲಿಸ್ತೀನಿ."

ಓಡಿಹೋದೆ. ಅರ್ಧಕ್ಕೆ ನಿಲ್ಲಿಸಿದರೆ ಅತ್ತಿಗೆ ಇನ್ನೂ ಆಳಕ್ಕೆ ಇಳಿದುಬಿಡುತ್ತಾರೆಂಬ ಭಯ ನನಗಿತ್ತು. ಮಧ್ಯಾಹ್ನ, ಕೊಟ್ಟಿಗೆಯ ಮುಂದಿನ ಜಗಲಿಯಲ್ಲಿ ನಾವು ಮೂವರೇ ಇದ್ದೆವು. ಒತ್ತಡಕ್ಕೆ ಮುದುಡಿದ ನರಗಳ ಕವಲು ಮತ್ತೆ ಚಿಗುರಲು ವಾರಗಟ್ಟಲೆ ಬೇಕು ಎಂದು ಅಣ್ಣನಿಗೆ ಬಿಡಿಸಿ ಹೇಳಿದೆ. ಅವನ ಮುಖ ಬದಲಾಗಲಿಲ್ಲ. ಕೊನೆಗೆ, "ಅಟ್ಟಕ್ಕೆ ಹಾಕಿದ ಕಾಯಿ ನಾಳೆನೇ ಕೊಬ್ಬರಿ ಆಯ್ತದಾ ಅಣ್ಣ? ವರ್ಷ ಬೇಕಲ್ವಾ?" ಎಂದೆ.

"ಕಾಯಿಗೆ ಅದರ ಕಾಲ ಗೊತ್ತು. ಇವಳಿಗೆ ಗೊತ್ತಾ?" ಎಂದ.

ಆಗ ಕೇಳಿಸಿತು. ಕೊಟ್ಟಿಗೆಯ ಮೇಲಿನ ಅಟ್ಟದಿಂದ, ಲೊಡಲೊಡ. ಕಾಯಿಯೊಳಗೆ ಕೊಬ್ಬರಿ ಒಣಗಿ ಚಿಪ್ಪು ಬಿಟ್ಟಾಗ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಬರುವ ಸದ್ದು. ನಮ್ಮ ಕಡೆ ಹಸುಗೂಸಿಗೂ ಅದು ಗೊತ್ತು.

ಅತ್ತಿಗೆ ತಲೆ ಎತ್ತಿದರು. "ಅಟ್ಟದಲ್ಲಿ ಒಂದು ಕಾಯಿ ಕೊಬ್ಬರಿ ಆಗೈತೆ" ಎಂದರು. ಎಷ್ಟೋ ವಾರಗಳ ಮೇಲೆ ಅವರು ಆಡಿದ ಮೊದಲ ಮಾತು.

ಅಣ್ಣ ಹಿಗ್ಗಲಿಲ್ಲ, ಹೆದರಿದ. "ನೋಡ್ದಾ? ಹೋದ ತಿಂಗಳು ಹಾಕಿದ ಕಾಯಿ, ಒಳಗೆ ಬರೀ ನೀರು. ನಿನ್ ಗುಳಿಗೆ ತಗಂಡು ಇಲ್ಲದ್ದೆಲ್ಲ ಕೇಳಿಸ್ಕಂತಾವ್ಳೆ!"

ಸುಮ್ಮನಿದ್ದರೆ ಗುಳಿಗೆ ಅವತ್ತೇ ತಿಪ್ಪೆಗೆ ಹೋಗುತ್ತಿತ್ತು. ಆದರೆ ಅದನ್ನು ತಡೆಯಲು ನಾನು ಸುಳ್ಳು ಹೇಳಬೇಕಾಗಿ ಬರಲಿಲ್ಲ. "ನಂಗೂ ಕೇಳಿಸ್ತು ಅಣ್ಣ" ಎಂದೆ.

ಅವನು ನನ್ನನ್ನೇ ದಿಟ್ಟಿಸಿದ. "ನೀನ್ಯಾವಾಗಿಂದ ಗುಳಿಗೆ ತಗಂತಿದೀಯಲಾ?"

ಆದರೂ ಏಣಿ ಇಟ್ಟು ಹತ್ತಿದ. ಕೈಗೆ ಸಿಕ್ಕ ಕಾಯಿಗಳನ್ನೆಲ್ಲ ಅಲ್ಲಾಡಿಸಿದ. ಎಲ್ಲದರಲ್ಲೂ ಗುಳುಗುಳು ನೀರು. ಇಳಿಯುತ್ತೀನಿ ಎನ್ನುವಷ್ಟರಲ್ಲಿ ಅತ್ತಿಗೆ ಕೆಳಗಿನಿಂದಲೇ, "ಅಲ್ಲಲ್ಲ ಕಣ್ರೀ, ಗೋಡೆ ಕಡೆ ಮೂಲೇಲಿ ನೋಡಿ" ಎಂದರು. ಅಣ್ಣ ಮೂಲೆಗೆ ತೆವಳಿ, ಮೇಲಿದ್ದ ಕಾಯಿಗಳನ್ನು ಸರಿಸಿದ. ಆಮೇಲೆ ಲೊಡಲೊಡ ಸದ್ದು, ಈ ಸಲ ಅಣ್ಣನ ಕೈಯಿಂದ.

ಸುಲಿದು ಚಿಪ್ಪು ಒಡೆದೆವು. ಉಂಡೆ ಕೊಬ್ಬರಿ, ಒಂದು ಬಿರುಕಿಲ್ಲ. ಹೋದ ವರ್ಷದ್ದು ಉಳಿದಿರಬೇಕು ಎಂದ ಅಣ್ಣನೇ, "ಆದ್ರೆ ಹೊಸ ಕಾಯಿ ಹಾಕೋ ಮುಂಚೆ ಅಟ್ಟ ಗುಡಿಸಿದ್ದು ನಾನೇ ಅಲ್ವಾ" ಎಂದು ತಲೆ ಕೆರೆದುಕೊಂಡ. ಕಣ್ತಪ್ಪಿನಿಂದ ಉಳಿದಿತ್ತು ಅಂತಲೇ ಇಟ್ಟುಕೊಳ್ಳೋಣ. ಆದರೆ ಆ ಕಾಯಿ ಬೇರೆ ಕಾಯಿಗಳ ಅಡಿಯಲ್ಲಿ ಅದುಮಿಕೊಂಡು ಕೂತಿತ್ತಂತೆ. ಇಲಿ, ಹೆಗ್ಗಣ ಯಾವುದೂ ಅದನ್ನು ಅಲ್ಲಾಡಿಸುವಂತಿರಲಿಲ್ಲ.

ಅತ್ತಿಗೆ ಕೊಬ್ಬರಿಯ ಒಂದು ಚೂರು ಬೆಲ್ಲದ ಜೊತೆ ತಿಂದರು. ಇನ್ನೊಂದು ಚೂರು ನನ್ನ ಕೈಗಿಟ್ಟರು. ಸಂಜೆಯ ಗುಳಿಗೆಯನ್ನು ಅಣ್ಣನೇ ತಂದುಕೊಟ್ಟ. "ಇನ್ನೊಂದು ತಿಂಗಳು ನೋಡಾನ ಬುಡು" ಎಂದ.

ಅತ್ತಿಗೆ ಗುಣವಾದರು. ಒಂದೇ ದಿನದಲ್ಲಲ್ಲ, ವಾರಗಳು ಹಿಡಿದವು, ಗುಳಿಗೆಗೆ ಹಿಡಿಯಬೇಕಾದಷ್ಟೇ. ಅದರಲ್ಲಿ ನನಗೆ ಯಾವ ವಿಚಿತ್ರವೂ ಕಾಣುವುದಿಲ್ಲ. ಕಾಯಿ ಸಿಕ್ಕದಿದ್ದರೂ ಅವರು ಏಳುತ್ತಿದ್ದರು, ಗುಳಿಗೆ ನಿಲ್ಲಿಸದೆ ಇದ್ದಿದ್ದರೆ. ಬಳಲಿದ ಮಿದುಳು ಇಲ್ಲದ ಸದ್ದು ಕೇಳಿಸಿಕೊಳ್ಳುವುದೂ ಉಂಟು. ಅತ್ತಿಗೆಗೆ ಕೇಳಿಸಿದ್ದಕ್ಕೆ ನನ್ನ ಬಳಿ ಹತ್ತು ಉತ್ತರಗಳಿವೆ. ನನಗೆ ಕೇಳಿಸಿದ್ದಕ್ಕೆ ಒಂದೂ ಇಲ್ಲ.

ಈಗಲೂ ಊರಿಗೆ ಹೋದರೆ ಊಟವಾದ ಮೇಲೆ ಆ ಜಗಲಿಯಲ್ಲೇ ಕೂರುತ್ತೇನೆ. ಅತ್ತಿಗೆಯ ಬಾಯಿಗೆ ಬಿಡುವಿರುವುದಿಲ್ಲ. ನಡುವೆ ನಾನು ಅಟ್ಟದ ಕಡೆ ಕಿವಿಗೊಟ್ಟದ್ದು ಕಂಡರೆ ಮಾತು ನಿಲ್ಲಿಸುತ್ತಾರೆ.

"ಕೇಳಿಸ್ತೇನಪ್ಪ?"

"ಇಲ್ಲ ಅತ್ತಿಗೆ."

"ಅವತ್ತು ಕೇಳಿಸ್ತಲ್ಲ, ಅಷ್ಟು ಸಾಕು ಬುಡು" ಎಂದು, ನಿಲ್ಲಿಸಿದಲ್ಲಿಂದಲೇ ಮತ್ತೆ ಶುರುಮಾಡುತ್ತಾರೆ.