ಮಗ್ಗದ ಎದುರಿನ ಮಣೆ

ಅತ್ತೆಯ ಬಲಗಾಲಿನ ಹೆಬ್ಬೆರಳು ಮಗ್ಗ ತುಳಿದು ತುಳಿದು ಹೊರಕ್ಕೆ ಬಾಗಿತ್ತು. ಹಿಂದೊಮ್ಮೆ ಎಡಗಾಲು ಎಂದು ಬರೆದಿದ್ದೆ. ಯಾವುದು ಸರಿಯೋ, ಈಗ ಹೇಳಲಾರೆ. ನನ್ನ ನೆನಪನ್ನು ನಾನೇ ನಂಬುವುದಿಲ್ಲ. ನಾನು ಆಡಿದ ಒಂದು ಮಾತು ಮಾತ್ರ ಎಷ್ಟು ತಿದ್ದಿದರೂ ಬದಲಾಗುವುದಿಲ್ಲ.

ಅಪ್ಪನ ತಂಗಿ ಅವಳು, ವಿಧವೆ. ಗುಳೇದಗುಡ್ಡದ ಮನೆಯಲ್ಲಿ ಒಬ್ಬಳೇ ಕುಣಿಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟು ಕುಪ್ಪಸದ ಖಣ ನೇಯುತ್ತಿದ್ದಳು. ಎದುರಿಗೆ ಒಂದು ಮಣೆ, ಪಕ್ಕದಲ್ಲಿ ತಂಬಿಗೆ ನೀರು. ಬಂದವರಿಗೆ ಮೊದಲು ನೀರು ಕೊಡುವುದು ನಮ್ಮ ಕಡೆಯ ರೂಢಿ. ಆ ಮಣೆ ಯೇಸುವಿನದು. ಬೇರೆ ಯಾರೂ ಕೂರುವಂತಿರಲಿಲ್ಲ.

"ನಿನ್ನಿ ಎಲ್ಲಿ ಹೋಗಿದ್ದಿಪಾ? ನಾಕು ಸಲ ಎಳಿ ಹರೀತು. ಸುಮ್ನ ನೋಡ್ಕೋತ ಕುಂತಿದ್ದೇನ?" ಎಂದು ಅವನನ್ನು ಬೈಯುವಳು.

ನೆರೆಮನೆಯಾಕೆ ಬಾಗಿಲಲ್ಲೇ ನಿಂತು ಕೆಣಕುವಳು: "ನಿಮ್ಮ ದೇವರು ತಿರುಗಿ ಮಾತಾಡ್ತಾನೇನಬೇ?"

"ಆಡೂದು ನನ್ನ ಕೆಲಸ, ಕೇಳೂದು ಅಂವನ ಕೆಲಸ. ನಡುವ ನಿಂದೇನ?"

ಎಪ್ಪತ್ತರ ದಶಕದ ಕೊನೆಗೆ ನಾನು ಚರ್ಚಿನ ಉಪದೇಶಿಯ ತರಬೇತಿ ಮುಗಿಸಿ ಬಂದೆ. ಹೊಸ ಬಿಳಿ ಅಂಗಿ, ಹೊಸ ಭಯಭಕ್ತಿ. ಒಂದು ದಿನ ಅವಳು ಮಣೆಯ ಕಡೆ ಲಾಳಿ ತೋರಿಸಿ ಜಗಳ ತೆಗೆದಿದ್ದಾಗ ಹೇಳಿದೆ: "ಅತ್ತಿ, ದೇವರು ಬಾಜೂ ಮನಿಯಾಂವ ಅಲ್ಲ. ಸೂರ್ಯ ಚಂದ್ರನ್ನ ಮಾಡಿದಾಂವ. ಅಂವನ ಮುಂದ ಹಿಂಗ ಮಾತಾಡಿದ್ರ ಪಾಪ ಹತ್ತತೈತಿ."

ವಾದಿಸುತ್ತಾಳೆ ಎಂದುಕೊಂಡಿದ್ದೆ. ಲಾಳಿ ಕೆಳಗಿಟ್ಟಳು.

"ಹೌದೇನ ತಮ್ಮಾ? ನಾ ಓದಿದಾಕಿ ಅಲ್ಲ."

ನೀರನ್ನು ಅಂಗಳಕ್ಕೆ ಚೆಲ್ಲಿ, ಮಣೆಯನ್ನು ಅಟ್ಟದ ಮೇಲಿಟ್ಟಳು. ಅಂದಿನಿಂದ ಸೆರಗು ಹೊದ್ದು, ಮೊಣಕಾಲೂರಿ, ನಾನು ಬಾಯಿಪಾಠ ಮಾಡಿಸಿದ ಪ್ರಾರ್ಥನೆಯನ್ನು ತಪ್ಪಿಲ್ಲದೆ ಒಪ್ಪಿಸುತ್ತಿದ್ದಳು. ನನಗೆ ಹೆಮ್ಮೆ. ಮಗ್ಗದ ಸದ್ದು ಬಿಟ್ಟರೆ ಆ ಮನೆಯಲ್ಲಿ ಇನ್ನೇನೂ ಉಳಿದಿಲ್ಲ ಎಂಬುದು ನನ್ನ ಕಿವಿಗೆ ಬೀಳಲೇ ಇಲ್ಲ.

ಐದಾರು ವರ್ಷಗಳ ಮೇಲೆ ಹೊಟ್ಟೆಯ ಗಡ್ಡೆ ಅವಳನ್ನು ಹಾಸಿಗೆಗೆ ಕೆಡವಿತು. ದವಾಖಾನೆಯವರು ಮನೆಗೆ ಕಳಿಸಿಬಿಟ್ಟಿದ್ದರು. ನೋವಿಗೆ ಹಲ್ಲು ಕಚ್ಚುತ್ತಿದ್ದಳು, ಪ್ರಾರ್ಥನೆಯನ್ನೂ ಬಿಟ್ಟಿದ್ದಳು. ನಾನು ಮಣೆ ಇಳಿಸಿ, ಧೂಳು ಒರೆಸಿ, ಹಾಸಿಗೆಯ ಪಕ್ಕದಲ್ಲಿಟ್ಟೆ. ತಂಬಿಗೆಯಲ್ಲಿ ನೀರು ತಂದೆ.

"ಅಂವನ ಕೂಡ ಮಾತಾಡ ಅತ್ತಿ. ಮೊದಲಿನಂಗ ಬೈ."

ಮಣೆಯ ಕಡೆ ಕಣ್ಣು ಹೊರಳಿಸಿದಳು.

"ಬ್ಯಾಡೋ ತಮ್ಮಾ. ಭಾಳ ದೊಡ್ಡಾಂವ ಅಂವ. ಇಷ್ಟು ಸಣ್ಣ ಮಣಿ ಮ್ಯಾಲ ಹೆಂಗ ಕುಂದರ್ತಾನ?"

ಮೂರನೆಯ ದಿನ, ಗೋಡೆಯ ಕಡೆ ಮುಖ ಮಾಡಿಕೊಂಡೇ ಹೋದಳು.

ಮಣೆ ಈಗ ನನ್ನ ಮನೆಯಲ್ಲಿದೆ. ದಿನವೂ ನೀರಿಡುತ್ತೇನೆ. ಎದುರು ಕೂತು ಬಾಯಿ ತೆರೆದರೆ ಬರುವುದು ಅದೇ ಬಾಯಿಪಾಠ. ನನಗೆ ಬೈಯಲು ಬರುವುದಿಲ್ಲ. ಸಂಜೆ ಆ ನೀರನ್ನು ಅಂಗಳಕ್ಕೆ ಚೆಲ್ಲುತ್ತೇನೆ.