ಕುದುರೆಗೆಂಥ ಸೂತಕ

ಸೃಷ್ಟಿಕರ್ತನ ಕೌಶಲದ ಬಗ್ಗೆ ನನಗೆ ಅಪಾರ ಗೌರವವಿದ್ದರೂ ಒಂದು ತಕರಾರು ಉಂಟು. ಮನುಷ್ಯನಿಗೆ ಎರಡು ಕೈ ದಯಪಾಲಿಸಿದ ಆ ಮಹಾಶಯ, ಎರಡೂ ತಲುಪದ ಜಾಗವೊಂದನ್ನು ಬೆನ್ನಿನ ನಟ್ಟನಡುವೆ ಇಟ್ಟು, ತುರಿಕೆಯನ್ನು ತಂದು ಅಲ್ಲಿಯೇ ಪ್ರತಿಷ್ಠಾಪಿಸಿದ್ದೇಕೆ, ನೀವೇ ಹೇಳಿ. ಎಮ್ಮೆಯ ಭಂಗಿಯಲ್ಲಿ ಬಾಗಿಲ ಚೌಕಟ್ಟಿಗೆ ಬೆನ್ನುಜ್ಜುವ ಭಾಗಮಂಡಲದ ಶಾಲಾ ಮೇಷ್ಟ್ರಾದ ನನ್ನನ್ನು ಕಂಡವರು ನನ್ನ ಪಾಂಡಿತ್ಯವನ್ನು ಶಂಕಿಸಿದರೆ ತಪ್ಪು ಅವರದಲ್ಲ.

ಹಿಂದೆ ನನಗೆ ಈ ಪಾಡಿರಲಿಲ್ಲ. ಬಾಲ್ಯದ ಜ್ವರವೊಂದರಿಂದ ನನ್ನ ಹೆಂಡತಿ ಪಾರ್ವತಿಗೆ ಎರಡೂ ಕಾಲು ಸ್ವಾಧೀನ ತಪ್ಪಿದ್ದವು. ನಾಲಿಗೆ ಮಾತ್ರ ಇಬ್ಬರಿಗಾಗುವಷ್ಟು ಸ್ವಾಧೀನದಲ್ಲಿತ್ತು. ಬೆತ್ತದ ಪೀಠವೊಂದನ್ನು ಮಾಡಿಸಿ, ಬೆನ್ನಿಗೆ ಬಿಗಿದು, ಅವಳನ್ನು ಹೊತ್ತು ತಿರುಗುತ್ತಿದ್ದೆ. ಮಡಿಕೇರಿಯಲ್ಲಿ ಬಿಳಿ ದೊರೆಗಳು ಕುದುರೆಯೇರಿ ಹೋಗುವುದನ್ನು ಕಂಡರೆ, “ಅವರ ಕುದುರೆಗೆ ಪಾಠ ಹೇಳ್ಲಿಕ್ಕೆ ಬರ್ತದಾ?” ಎಂದು ಬೀಗುತ್ತಿದ್ದಳು. ಪ್ರತಿ ತುಲಾ ಸಂಕ್ರಮಣಕ್ಕೆ, ತೀರ್ಥ ಉಕ್ಕುವುದನ್ನು ನೋಡಲು ತಲಕಾವೇರಿಯ ಬೆಟ್ಟ ಹತ್ತುವಾಗ, ನನ್ನ ಅಂಗಿಯ ಕತ್ತಿನೊಳಗೆ ಕೈ ಇಳಿಸಿ, ಕೇಳುವ ಮೊದಲೇ ಸರಿಯಾದ ಜಾಗದಲ್ಲಿ ತುರಿಸುತ್ತಿದ್ದಳು.

ಅವಳು ತೀರಿಕೊಂಡ ಮಳೆಗಾಲದಲ್ಲಿ ಬಂದ ನೆಂಟರೆಲ್ಲ “ಅಂತೂ ನಿಮ್ಮ ಭಾರ ಇಳೀತು” ಎಂದರು. ಅವರ ತಲೆಯ ಮೇಲೆ ಶಾಲೆಯ ಕರಿಹಲಗೆಯನ್ನು ಇಳಿಸುವ ಆಸೆಯನ್ನು ಕಷ್ಟಪಟ್ಟು ತಡೆದುಕೊಂಡೆ. ಹೊರುವುದಕ್ಕೆ ಅವಳಿಲ್ಲದ ಮೇಲೆ ಬೆಳಿಗ್ಗೆ ಏಳುವುದು ಯಾತಕ್ಕೆಂದೇ ಹೊಳೆಯುತ್ತಿರಲಿಲ್ಲ. ಮಗ್ಗಿ ಹೇಳಿಸುತ್ತಿದ್ದಾಗಲೇ ಕಣ್ಣೀರು ಬಂದುಬಿಡುತ್ತಿತ್ತು. ಹತ್ತೊಂಬತ್ತರ ಮಗ್ಗಿಗೆ ಮೇಷ್ಟ್ರೂ ಹೆದರುತ್ತಾರೆಂದು ತಿಳಿದು ಮಕ್ಕಳು ಸಮಾಧಾನಪಟ್ಟರು.

ಸಂಕ್ರಮಣ ಬಂತು. ವರ್ಷಾಂತಿಕ ಕಳೆಯುವ ಮುನ್ನ ಸೂತಕದವರು ಬೆಟ್ಟ ಹತ್ತಬಾರದೆಂದು ಭಟ್ಟರು ಎಚ್ಚರಿಸಿದ್ದರು. ಆದರೆ ಅಭ್ಯಾಸವೆಂಬುದು ಶಾಸ್ತ್ರಕ್ಕಿಂತ ಬೇಗ ಏಳುತ್ತದೆ. ಸ್ನಾನ ಮುಗಿಸಿ, ಖಾಲಿ ಪೀಠವನ್ನು ಬೆನ್ನಿಗೆ ಬಿಗಿದುಕೊಂಡು ಬೀದಿಗೆ ಇಳಿದ ಮೇಲೆಯೇ ನನಗೆ ಎಚ್ಚರವಾದದ್ದು. ಊರೆಲ್ಲ ನೋಡುತ್ತಿತ್ತು. ಮಂಡಿನೋವಿನಿಂದ ಜಗಲಿ ಬಿಟ್ಟಿಳಿಯದ ಪಕ್ಕದ ಮನೆಯ ಅಕ್ಕಮ್ಮಜ್ಜಿ ನನ್ನನ್ನು ದಿಟ್ಟಿಸಿ, “ಖಾಲಿ ಹೋದು ಎಂತಕೆ? ನನ್ನ ಕೂರ್ಸು” ಎಂದಳು.

ಭಟ್ಟರು ಧಾವಿಸಿ ಅಡ್ಡ ನಿಂತರು. “ಸೂತಕದವರು ಬೆಟ್ಟಕ್ಕೆ ಹೋಗ್ಲಿಕ್ಕಿಲ್ಲ ಅಜ್ಜಿ.”

“ಬೆಟ್ಟಕ್ಕೆ ಹೋದು ನಾನ್, ಅವ ಅಲ್ಲ. ಅವ ಬರೀ ಕುದುರೆ. ಕುದುರೆಗೆ ಎಂಥ ಸೂತಕ ಭಟ್ರೇ?”

ಧರ್ಮಶಾಸ್ತ್ರದಲ್ಲಿ ಕುದುರೆಯ ಕುರಿತು ವಿಧಿಯೇನೂ ನೆನಪಾಗದೆ ಭಟ್ಟರು ದಾರಿ ಬಿಟ್ಟರು. ಪಶುಪದವಿಯನ್ನು ಸಾರ್ವಜನಿಕವಾಗಿ ಸ್ವೀಕರಿಸಿ, ಅಜ್ಜಿಯನ್ನು ಹೊತ್ತು ನಾನು ಹೊರಟೆ. ಮೇಲೆ ತಲುಪಿದಾಗ, ಪದವಿಗೆ ತಕ್ಕಂತೆ, ಮೆಟ್ಟಿಲ ಕೆಳಗೇ ನಿಂತೆ. ಅಜ್ಜಿಯನ್ನು ಬೇರೆಯವರು ತೀರ್ಥ ಉಕ್ಕುವ ಕುಂಡಿಕೆಯ ಬಳಿಗೆ ಎತ್ತಿಕೊಂಡು ಹೋದರು. ತೀರ್ಥ ಉಕ್ಕಿತೆಂಬ ಜನರ ಕೂಗು ಕೇಳಿ ಅಲ್ಲೇ ಮನಸಾರೆ ಅತ್ತುಬಿಟ್ಟೆ. ಊರಿಗೆ ಮರಳುವಷ್ಟರಲ್ಲಿ, ಸಂಗಮದಲ್ಲಿ ಮೀಯಬೇಕೆಂಬ ವಾತದ ಮುದುಕನೊಬ್ಬ, ಹುತ್ತರಿ ಹಬ್ಬಕ್ಕೆ ಮಗಳ ಮನೆ ಕಾಣಬೇಕೆಂಬ ಮುದುಕಿಯೊಬ್ಬಳು ನನ್ನ ಜಗಲಿಯಲ್ಲಿ ಕಾದಿದ್ದರು. ಅಂದಿನಿಂದ ಭಾನುವಾರ ನನ್ನ ಬೆನ್ನಿಗೆ ಬಿಡುವಿಲ್ಲ, ಬೆಳಿಗ್ಗೆ ಏಳುವುದಕ್ಕೆ ಕಾರಣ ಹುಡುಕಲು ಪುರುಸೊತ್ತೂ ಇಲ್ಲ.

ಆ ದಿನ ಇಳಿಜಾರಿನಲ್ಲಿ ನಾನು ಭುಜ ಕುಣಿಸುವುದನ್ನು ಕಂಡು ಅಜ್ಜಿ ನನ್ನ ಅಂಗಿಯ ಕತ್ತಿನೊಳಗೆ ಕೈ ಇಳಿಸಿದಳು. “ಇಲ್ಲಿಯಾ?” ಎಂದು ಕೇಳಿದಳು. ಜಾಗ ಇನ್ನೂ ಎರಡು ಬೆರಳು ಕೆಳಗಿತ್ತು. “ಅಲ್ಲೇ” ಎಂದೆ. ಆ ಎರಡು ಬೆರಳಗಲ ಪಾರ್ವತಿಯದು. ಅಲ್ಲಿ ಈಗಲೂ ತುರಿಸುತ್ತದೆ, ತುರಿಸಲಿ.